ಮನೇಲಿ ಹಿರಿಯರಿದ್ದರೆ: ಕತ್ತಲಲ್ಲಿ ಗೋಡೆಗೊಂದು ಬೆರಳು

ಮುಳಬಾಗಿಲಿನ ನಮ್ಮನೇಲಿ ರಾತ್ರಿ ಕರೆಂಟ್ ಹೋದಾಗ ಅಜ್ಜಿ ಎರಡು ಸಲ ಮುಗ್ಗರಿಸಿದರು. ಕಣ್ಣು ಮಂಜಾಗಿದೆ ಅಂದುಕೊಂಡಿದ್ದೆವು. ಆದರೆ ಬೀಳದೆ ನಿಲ್ಲೋಕೆ ಕಣ್ಣಿನ ಜೊತೆ ಇನ್ನೆರಡು ಆಸರೆ ಇವೆ. ಒಂದು ಒಳಕಿವಿ: ಒಂದೊಂದು ಕಿವಿಯಲ್ಲೂ ಬಳೆಯ ತುಂಡಿನಂಥ 3 ನಾಳಗಳು. ತಲೆ ತಿರುಗಿಸಿದರೆ ಒಳಗಿನ ದ್ರವ ತುಸು ಹಿಂದುಳಿದು, ಸೂಕ್ಷ್ಮ ರೋಮಗಳನ್ನು ಬಾಗಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತೆ. ಇನ್ನೊಂದು ಅಂಗಾಲು, ಕೀಲು, ಸ್ನಾಯುಗಳ ಅರಿವು. ಸಕ್ಕರೆ ಕಾಯಿಲೆ ಹಳೆಯದಾದರೆ ಅಂಗಾಲಿನ ಸ್ಪರ್ಶ ಮಂಕಾಗಬಹುದು; ಅಜ್ಜಿಗೆ ಆಗಿದ್ದೂ ಅದೇ.

ಈಗ ಅವರು ಗೋಡೆಗೆ ಬೆರಳು ತಾಗಿಸಿಕೊಂಡೇ ನಡೀತಾರೆ. ಭಾರ ಹಾಕೋದು ಬೇಡ, ತಾಗಿದರೂ ಸಾಕು, ಓಲಾಟ ಕಡಿಮೆಯಾಗುತ್ತೆ. ಎದ್ದ ಕೂಡಲೇ ನಡೆಯದೆ ಮಂಚದ ಅಂಚಲ್ಲಿ ಸ್ವಲ್ಪ ಹೊತ್ತು ಕೂರಲಿ. ದಪ್ಪ ಮೆತ್ತನೆ ಚಪ್ಪಲಿ ಬೇಡ, ಅದು ನೆಲದ ಸುಳಿವನ್ನೇ ನುಂಗುತ್ತೆ. ಬಚ್ಚಲ ದಾರೀಲಿ ಬಿಂದಿಗೆ, ಮಣೆ ಇದ್ದರೆ ಇವತ್ತೇ ತೆಗೆದಿಡಿ.