ಮೇಲಿಂದ ಕೆಳಕ್ಕೆ ನಡೆಸಿ: ಕಾಟ್ಸ್‌ವೋಲ್ಡ್ಸ್‌ನಲ್ಲಿ ಹಿರಿಯರ ಜೊತೆ ನನ್ನ ಅನುಭವ

ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಇಂಗ್ಲೆಂಡಿನ ಕಾಟ್ಸ್‌ವೋಲ್ಡ್ಸ್ ಗುಡ್ಡಸೀಮೆಯ ಹೊಲದ ದಾರಿಯಲ್ಲಿ ನಡೆಸೋದು ಆಗದ ಕೆಲಸ ಅಂತ ನಮ್ಮ ರೆಡಿಂಗ್ ಊರಿನ ಗೆಳೆಯರು ತೀರ್ಮಾನ ಮಾಡಿಬಿಟ್ಟಿದ್ದರು. ಮೊಣಕಾಲು ನೋವು, ಶುಗರ್, ಸೀರೆ, ಮಳೆ, ಬಾತ್‌ರೂಮು, ಇಷ್ಟು ಪಟ್ಟಿ ಹೇಳಿ "ಸುಮ್ನೆ ಒಂದು ಮಿನಿಬಸ್ ಮಾಡಿಸು ಮಾರಾಯ, ಬೋರ್ಟನ್ ಸೇತುವೆ ಹತ್ರ ಫೋಟೋ ತೆಗೆಸಿ ವಾಪಸ್ ಕರ್ಕೊಂಡು ಬಾ" ಅಂದರು. ಈಗ ಅದೇ ಗೆಳೆಯರು ಅವರ ಅತ್ತೆ ಮಾವ ಬರೋ ತಿಂಗಳಿಗೆ ಮುಂಚೆಯೇ ನನಗೆ ಫೋನ್ ಮಾಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮಿನಿಬಸ್ಸನ್ನೂ ಮಾಡಿ ನೋಡಿದ್ದೇವೆ. ಡ್ರೈವರ್ ಸಮೇತ ಒಂದು ದಿನಕ್ಕೆ ನಾನೂರೈವತ್ತು ಪೌಂಡಿನ ಹತ್ತಿರ ಬಿತ್ತು ಅಂತ ನೆನಪು. ಐದು ಊರು ತೋರಿಸುವ ಪ್ಲಾನು. ಹತ್ತೋದು, ಇಳಿಯೋದು, ಪಾರ್ಕಿಂಗ್ ಹುಡುಕೋದು, ಮತ್ತೆ ಹತ್ತೋದು. ಮೂರನೇ ಊರಿಗೆ ಬರುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಎಲ್ಲರೂ ಗೊರಕೆ. ಸಂಜೆ ಅಮ್ಮ "ಎಲ್ಲ ಊರೂ ಒಂದೇ ಥರ ಇತ್ತು ಕಣೋ" ಅಂದರು. ಕಾರಿನ ಕಿಟಕಿಯಿಂದ ನೋಡಿದರೆ ಹಾಗೇ ಕಾಣೋದು. ಎಲ್ಲ ಮನೆಗೂ ಅದೇ ಜೇನಿನ ಬಣ್ಣದ ಸುಣ್ಣಕಲ್ಲು, ಎಲ್ಲ ಕಡೆ ಅದೇ ಗಾರೆ ಹಾಕದ ಕಲ್ಲುಗೋಡೆ.

ಆಮೇಲೆ ಗೈಡ್ ಪುಸ್ತಕ ನೋಡಿ "ಈಜಿ" ಅಂತ ಬರೆದಿದ್ದ ಸುತ್ತುದಾರಿಗಳನ್ನು ಹಿಡಿದೆವು. ಇಂಗ್ಲಿಷರ ಈಜಿಯೇ ಬೇರೆ. ನಾಂಟನ್ ಹಳ್ಳಿ ಕಡೆಯಿಂದ ಸುತ್ತಿ ಬರುವ ದಾರಿ ಚೆನ್ನಾಗೇನೋ ಇದೆ, ವಾರ್ಡನ್ಸ್ ವೇ ಅನ್ನೋ ಕಾಲುದಾರಿಯಲ್ಲಿ ಹೋಗಿ ವಿಂಡ್‌ರಷ್ ವೇ ಅನ್ನೋದರಲ್ಲಿ ಬರಬಹುದು, ನಮ್ಮಂಥವರಿಗೆ ಅದು ಒಳ್ಳೆ ಭಾನುವಾರ. ಆದರೆ ಸ್ಟೈಲ್ ಬಂತು ಅಂದ್ರೆ ಮುಗೀತು. ನಮ್ಮ ಮಲೆನಾಡಿನ ತಡಮೆ ಇದ್ದ ಹಾಗೆ, ಬೇಲಿ ಮೇಲೆ ಹತ್ತಿ ಆ ಕಡೆ ಇಳಿಯಬೇಕು. ಅರವತ್ತೆಂಟರ ಆಂಟಿ ಒಂದು ಕಾಲು ಹಲಗೆ ಮೇಲೆ ಇಟ್ಟು, ಇನ್ನೊಂದನ್ನು ಎತ್ತಲಾಗದೆ, ಒಂದು ಕೈಯಲ್ಲಿ ನೆರಿಗೆ ಒಂದು ಕೈಯಲ್ಲಿ ಕಂಬ ಹಿಡಿದು ನಿಂತುಬಿಟ್ಟರು. ಈ ಕಡೆಯಿಂದ ಇಬ್ಬರು, ಆ ಕಡೆಯಿಂದ ಒಬ್ಬರು. ಅವರಿಗೂ ನಗು, ನಮಗೂ ನಗು, ಆದರೆ ಅಲ್ಲಿಂದಲೇ ವಾಪಸ್. ಆವತ್ತಿಂದ ನನ್ನ ಮೊದಲ ನಿಯಮ: ಕಿಸ್ಸಿಂಗ್ ಗೇಟ್ (ಒಬ್ಬೊಬ್ಬರೇ ತೂರಿ ದಾಟುವ ಇಕ್ಕಟ್ಟಿನ ಗೇಟು) ಇರಬಹುದು, ಸ್ಟೈಲ್ ಒಂದೂ ಇರಬಾರದು. ಇಲ್ಲಿನ ಸರ್ಕಾರಿ ಸರ್ವೇ ನಕ್ಷೆಯಾದ ಓಎಸ್ ಮ್ಯಾಪಲ್ಲಿ (ಈ ಭಾಗಕ್ಕೆ ಓಎಲ್ 45 ನಂಬರಿನದು) ಕಾಲುದಾರಿಯ ಹಸಿರು ಚುಕ್ಕೆ ಗೆರೆ ಕಾಣುತ್ತದೆಯೇ ಹೊರತು ಎಲ್ಲಿ ಸ್ಟೈಲ್ ಇದೆ ಅಂತ ಕಾಣಲ್ಲ. ಮುಂಚೆ ನೀವೊಬ್ಬರೇ ಹೋಗಿ ನಡೆದು ನೋಡಬೇಕು, ಬೇರೆ ದಾರಿ ಇಲ್ಲ.

ಹಾಗೆ ನಡೆದು ನಡೆದು ಉಳಿದದ್ದು ಎಲ್ಲರಿಗೂ ಗೊತ್ತಿರುವ ದಾರಿಯೇ. ಬೋರ್ಟನ್ ಆನ್ ದ ವಾಟರ್, ಲೋಯರ್ ಸ್ಲಾಟರ್, ಅಪ್ಪರ್ ಸ್ಲಾಟರ್ ಅನ್ನೋ ಮೂರು ಹಳ್ಳಿ. ಒಂದು ಕಡೆಗೆ ಮೂರೂವರೆ ಕಿಲೋಮೀಟರ್ ಆಸುಪಾಸು. ಎಲ್ಲರೂ ಬೋರ್ಟನ್ನಿಂದ ಶುರು ಮಾಡಿ ಮೇಲಕ್ಕೆ ಹೋಗಿ ಅದೇ ದಾರಿಯಲ್ಲಿ ವಾಪಸ್ ಬರುತ್ತಾರೆ. ನಾನೂ ಅದನ್ನೇ ಮಾಡಿಸುತ್ತಿದ್ದೆ. ಹೋಗುವಾಗ ಹುರುಪು. ಅಪ್ಪರ್ ಸ್ಲಾಟರ್ ತಲುಪಿದಾಗ ಅಲ್ಲಿ ಅಂಗಡಿ ಇಲ್ಲ, ಪಬ್ ಇಲ್ಲ, ಇರೋದೊಂದು ದುಬಾರಿ ಹೋಟೆಲ್ಲು. "ಇನ್ನು ಇಷ್ಟೇ ದೂರ ವಾಪಸ್ ಹೋಗಬೇಕಾ?" ಅನ್ನೋ ಮಾತು ಒಬ್ಬರ ಬಾಯಿಂದ ಬಂದರೆ ಸಾಕು, ಎಲ್ಲರ ಕಾಲೂ ಒಟ್ಟಿಗೆ ನೋಯುತ್ತವೆ.

ಆಗ ಉಲ್ಟಾ ಮಾಡಿದೆ. ಟ್ರೇನಲ್ಲಿ ಮೋರ್ಟನ್ ಇನ್ ಮಾರ್ಶ್, ಅಲ್ಲಿಂದ ಬಸ್ಸಲ್ಲಿ ಸ್ಟೋ ಊರಿನ ಮೇಲೆ ಹಾದು ಬೋರ್ಟನ್. ಬೋರ್ಟನ್ನಲ್ಲಿ ಎಲ್ಲರೂ ಬಾತ್‌ರೂಮಿಗೆ ಹೋಗಿ ಬರೋದು ಕಡ್ಡಾಯ, ಬೇಡ ಅಂದವರನ್ನೂ ಕಳಿಸಿ, ಯಾಕೆಂದರೆ ಮುಂದೆ ನಂಬಿಕೊಳ್ಳುವ ಹಾಗಿಲ್ಲ. ಅಲ್ಲಿಂದ ಮೊದಲೇ ಹೇಳಿಟ್ಟ ಟ್ಯಾಕ್ಸಿ, ಸೀದಾ ಅಪ್ಪರ್ ಸ್ಲಾಟರ್. ಹದಿನೈದು ಪೌಂಡಿನ ಸುಮಾರು, ಆರು ಸೀಟಿನ ಗಾಡಿ ಸಿಕ್ಕರೆ ತಲೆಗೆ ಮೂರೂ ಇಲ್ಲ. ಆಮೇಲೆ ತೊರೆಯ ಜೊತೆಗೇ ಕೆಳಕ್ಕೆ. ದೊಡ್ಡ ಇಳಿಜಾರೇನಲ್ಲ, ಕಾಲಿಗೆ ಗೊತ್ತೂ ಆಗಲ್ಲ. ಆದರೆ ಮುಂದೆ ಮುಂದೆ ಹೋದ ಹಾಗೆ ಕೂರೋ ಜಾಗ, ಜನ, ಐಸ್‌ಕ್ರೀಂ, ಟೀ, ಬಸ್ ಸ್ಟಾಪು ಎಲ್ಲ ಹತ್ತಿರ ಬರುತ್ತಿರುತ್ತವೆ. ವಾಪಸ್ ಹೋಗೋ ಮಾತೇ ಇಲ್ಲ. ಇಷ್ಟೇ ಗುಟ್ಟು. "ಸುಂದರವಾದದ್ದನ್ನು ಮೊದಲು ತೋರಿಸಿ ಕೊನೆಗೆ ಜಾತ್ರೆಗೆ ಕರ್ಕೊಂಡು ಹೋಗ್ತೀಯಾ?" ಅಂತ ಒಬ್ಬ ಗೆಳೆಯ ಕೇಳಿದ್ದ. ಹೌದು ಸ್ವಾಮಿ, ನಡೆದು ಬಂದ ಹಿರಿಯರಿಗೆ ಜಾತ್ರೆಯೇ ಬೇಕು.

ಅಪ್ಪರ್ ಸ್ಲಾಟರ್‌ನಲ್ಲಿ ಅರ್ಧ ಗಂಟೆ ಇರಿ. ಚೌಕದ ಮನೆಗಳನ್ನು 1906ರಲ್ಲಿ ಹೊಸದಾಗಿ ರೂಪಿಸಿದವರು ಎಡ್ವಿನ್ ಲಟ್ಯೆನ್ಸ್, ಅದೇ ದೆಹಲಿಯ ಲಟ್ಯೆನ್ಸ್. ರಾಷ್ಟ್ರಪತಿ ಭವನದ ಇಂಜಿನಿಯರ್ ಅಂತ ಹೇಳಿದ ತಕ್ಷಣ ಅಂಕಲ್‌ಗಳೆಲ್ಲ ಗೋಡೆ ಮುಟ್ಟಿ ನೋಡಲು ಶುರು ಮಾಡುತ್ತಾರೆ (ಆರ್ಕಿಟೆಕ್ಟ್ ಅಂದರೆ ಅಷ್ಟು ಪರಿಣಾಮ ಇಲ್ಲ). ಇನ್ನೊಂದು ಸಂಗತಿ ಅಮ್ಮಂದಿರಿಗೆ. ಮೊದಲ ಮಹಾಯುದ್ಧಕ್ಕೆ ಈ ಊರಿಂದ ಹೋದವರೆಲ್ಲ ಜೀವಂತ ವಾಪಸ್ ಬಂದರು, ಎರಡನೆಯದಕ್ಕೆ ಹೋದವರೂ ಬಂದರು. 1944ರಲ್ಲಿ ಊರಿನ ಮೇಲೇ ಬಾಂಬು ಬಿದ್ದಾಗಲೂ ಯಾರೂ ಸಾಯಲಿಲ್ಲ. ಇಂಗ್ಲೆಂಡಿನ ಬಹುತೇಕ ಹಳ್ಳಿಗಳಲ್ಲಿ ಸತ್ತವರ ಹೆಸರಿನ ಕಲ್ಲು ಇರುತ್ತದೆ, ಇಲ್ಲಿ ಅದರ ಅಗತ್ಯವೇ ಬೀಳಲಿಲ್ಲ. ನಮ್ಮತ್ತೆ ಇದನ್ನು ಕೇಳಿ "ಇಲ್ಲಿ ಯಾವ ದೇವರೋ?" ಅಂದರು. ಚರ್ಚ್ ಸೇಂಟ್ ಪೀಟರ್‌ದು ಅಂದೆ. ಹೋಗಿ ಕೈಮುಗಿದು ಬಂದರು.

ಲೋಯರ್ ಸ್ಲಾಟರ್ ತನಕ ಹುಲ್ಲಿನ ಮೇಲೆ ದಾರಿ. ಪಾರ್ಕಿನಂಥ ಬಯಲು, ಹಳೇ ಮರಗಳು, ಕುರಿಗಳು, ಐದಾರು ಗೇಟು. ಕಿಸ್ಸಿಂಗ್ ಗೇಟಲ್ಲಿ ದಪ್ಪ ಬ್ಯಾಗು ಹಾಕಿಕೊಂಡವರು ಸಿಕ್ಕಿಹಾಕಿಕೊಳ್ಳುತ್ತಾರೆ, ಬ್ಯಾಗನ್ನು ಮೇಲಿಂದ ಮೊದಲು ದಾಟಿಸಿ. ಸೀರೆಗೆ ನಾವು ಕಂಡುಕೊಂಡ ಉಪಾಯ: ಹತ್ತಿ ಸೀರೆ, ನಾಲ್ಕು ಬೆರಳು ಎತ್ತರಕ್ಕೆ ಉಡೋದು, ಒಳಗೆ ಥರ್ಮಲ್ ಲೆಗ್ಗಿಂಗ್ಸ್, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಲೆ ಜಾಕೆಟ್. ಸಿಂಥೆಟಿಕ್ ಬೇಡ, ಒದ್ದೆಯಾದರೆ ಕಾಲಿಗೆ ಅಂಟುತ್ತದೆ. ಶೂ ಡೆಕಾತ್ಲಾನ್‌ನಲ್ಲಿ ಇಪ್ಪತ್ತು ಇಪ್ಪತ್ತೈದು ಪೌಂಡಿನವು ಸಾಕು, ಒಂದು ಸೈಜ್ ದೊಡ್ಡದು ತಗೊಳ್ಳಿ. ಕೋಲು ಇಬ್ಬರಿಗೆ ಒಂದು ಜೊತೆ. ಎರಡು ಕೊಟ್ಟರೆ ಒಂದನ್ನು ನಿಮ್ಮ ಕೈಗೇ ಕೊಡುತ್ತಾರೆ. ಅಂದಹಾಗೆ ಹಸುಗಳು ಕರು ಜೊತೆ ಇದ್ದರೆ ಅಂಕಲ್‌ಗಳನ್ನು ಹಿಡಿದುಕೊಳ್ಳಿ. ಎಲ್ಲರೂ ಹಸು ಸಾಕಿದವರೇ, ಹೋಗಿ ಗಂಗೆದೊಗಲು ಸವರಲು ನೋಡುತ್ತಾರೆ. ಇಲ್ಲಿನ ಹಸುಗಳಿಗೆ ಆ ರೂಢಿ ಇಲ್ಲ.

ವೇಗದ ವಿಷಯ. ನಡಿಗೆಗೆ ಎಷ್ಟು ಹೊತ್ತು ಬೇಕು ಅಂತ ಹೇಳುವ ನೇಯ್‌ಸ್ಮಿತ್ ಲೆಕ್ಕದಲ್ಲಿ ಗಂಟೆಗೆ ಐದು ಕಿಲೋಮೀಟರ್ ಅಂತೆ. ಆ ಪುಣ್ಯಾತ್ಮ 1892ರಲ್ಲಿ ಹೇಳಿದ್ದು ಬೆಟ್ಟ ಹತ್ತುವ ಸ್ಕಾಟಿಷ್ ಗಂಡಾಳುಗಳಿಗೆ. ನಮ್ಮವರಿಗೆ ಎರಡು ಅಂತ ಇಟ್ಟುಕೊಳ್ಳಿ, ಕೂರೋದು ಬೇರೆ. ಊಟ ಎಲ್ಲ ಸೇರಿ ಮೂರು ಗಂಟೆ ಆಗುತ್ತೆ. ಊಟ ಲೋಯರ್ ಸ್ಲಾಟರ್‌ಗೆ ಮುಂಚೆಯೇ ಮುಗಿಸುತ್ತೇವೆ, ಚಪಾತಿ ರೋಲು, ಪುಳಿಯೋಗರೆ, ಫ್ಲಾಸ್ಕಿನಲ್ಲಿ ಕಾಫಿ. ಮೊಸರನ್ನ ಕೊಟ್ಟರೆ ನಿದ್ದೆ ಹೊಡೆಯುತ್ತಾರೆ, ಕೊಡಲ್ಲ. ಎಲ್ಲಿ ಕೂರುತ್ತೇವೆ ಅನ್ನೋದನ್ನು ಮಾತ್ರ ಬರೆಯಲ್ಲ. ಗಾಳಿ ಬೀಸದ, ಬಿಸಿಲು ಬೀಳುವ, ನಾಲ್ಕು ಜನ ಆರಾಮಾಗಿ ಕೂರುವ ಒಂದು ಕಲ್ಲುಗೋಡೆ ಮಗ್ಗುಲು ಅದು. ಇಲ್ಲಿ ಹೇಳಿದರೆ ಮುಂದಿನ ಶನಿವಾರ ನಮಗೇ ಜಾಗ ಇರಲ್ಲ.

ಲೋಯರ್ ಸ್ಲಾಟರ್‌ನ ಹಳೇ ಗಿರಣಿ, ಅದರ ನೀರಿನ ಚಕ್ರ, ಕೆಂಪು ಇಟ್ಟಿಗೆ ಚಿಮಣಿ ದೂರದಿಂದಲೇ ಕಾಣುತ್ತೆ. ಅಲ್ಲಿಂದ ಬೋರ್ಟನ್‌ಗೆ ಗಟ್ಟಿ ದಾರಿ, ಅರ್ಧ ನಡೆದು ಸಾಕಾದವರೂ ಇಲ್ಲಿ ಮತ್ತೆ ಚುರುಕಾಗುತ್ತಾರೆ. ಮಧ್ಯೆ ಫಾಸ್ ವೇ ದಾಟಬೇಕು. ರೋಮನ್ನರು ಹಾಕಿದ ನೇರ ರಸ್ತೆ, ಈಗ ಕಾರುಗಳು ಬೀಸಿಕೊಂಡು ಬರುತ್ತವೆ. ಇಬ್ಬಿಬ್ಬರನ್ನೇ ಕೈಹಿಡಿದು ದಾಟಿಸಿ.

ದುಡ್ಡಿನ ಲೆಕ್ಕ. ಮೂರರಿಂದ ಒಂಬತ್ತು ಜನ ಒಟ್ಟಿಗೆ ಹೋದರೆ ಗ್ರೂಪ್‌ಸೇವ್‌ನಲ್ಲಿ ಟ್ರೇನ್ ಟಿಕೆಟ್ ಮೂರನೇ ಒಂದು ಭಾಗ ಕಡಿಮೆ, ಆಫ್ ಪೀಕ್ (ಜನದಟ್ಟಣೆ ಇಲ್ಲದ ಹೊತ್ತು) ಆಗಿರಬೇಕು. ಸೀನಿಯರ್ ರೈಲ್‌ಕಾರ್ಡಲ್ಲೂ ಅಷ್ಟೇ ಕಡಿಮೆ, ಎರಡೂ ಒಂದೇ ಟಿಕೆಟ್ಟಿಗೆ ನಡೆಯಲ್ಲ. ಹಾಗಾಗಿ ಗುಂಪಿಗೆ ಕಾರ್ಡ್ ಬೇಕಿಲ್ಲ. ಆರು ತಿಂಗಳು ಇರೋಕೆ ಬಂದವರಿಗೆ ಮಾತ್ರ ಮಾಡಿಸಿ, 35 ಪೌಂಡು, ಅರವತ್ತು ದಾಟಿರಬೇಕು, ನಮ್ಮ ಪಾಸ್‌ಪೋರ್ಟ್ ತೋರಿಸಿದರೂ ಕೊಡುತ್ತಾರೆ. ಬಸ್ಸಿಗೆ 2025ರಿಂದ ಒಂದು ಸಲಕ್ಕೆ ಹೆಚ್ಚೆಂದರೆ 3 ಪೌಂಡು. ಟ್ರೇನು, ಬಸ್ಸು, ಟ್ಯಾಕ್ಸಿ, ಟೀ ಎಲ್ಲ ಸೇರಿ ತಲೆಗೆ ಮೂವತ್ತೈದರ ಒಳಗೆ ಮುಗಿಸಿದ್ದೇನೆ. ಟಿಕೆಟ್ಟಲ್ಲಿ ಇನ್ನೂ ನಾಲ್ಕೈದು ಪೌಂಡ್ ಉಳಿಸೋ ದಾರಿ ಇದೆ, ಅದು ಮನೆಗೆ ಬಂದು ಕಾಫಿ ಕುಡಿದವರಿಗೆ ಮಾತ್ರ. ಒಂದೇ ಎಚ್ಚರಿಕೆ: ಸಂಜೆ ಬಸ್ಸು ಬೇಗ ಮುಗಿಯುತ್ತೆ, ಭಾನುವಾರ ನಂಬಲೇಬೇಡಿ. ಒಮ್ಮೆ ಕೊನೇ ಬಸ್ಸು ಬರಲೇ ಇಲ್ಲ, ಸ್ಟೇಷನ್ನಿಗೆ ಎರಡು ಟ್ಯಾಕ್ಸಿಗೆ ಕೊಟ್ಟ ದುಡ್ಡಲ್ಲಿ ಇನ್ನೊಂದು ಟ್ರಿಪ್ ಆಗುತ್ತಿತ್ತು. ಈಗ ಕೊನೇದಕ್ಕಿಂತ ಹಿಂದಿನ ಬಸ್ಸಿಗೇ ನಿಲ್ಲೋದು.

ತಿಂಗಳು ಮೇ ನಡುವಿನಿಂದ ಸೆಪ್ಟೆಂಬರ್. ಫೆಬ್ರವರಿಯಲ್ಲೂ ಪ್ರಯತ್ನ ಮಾಡಿದೆವು. ಗೇಟುಗಳ ಹತ್ತಿರ ಕುರಿ ತುಳಿದ ಕೆಸರು, ಒಬ್ಬರ ಶೂ ಅಲ್ಲೇ ಕೂತುಬಿಟ್ಟಿತು, ಕಾಲು ಮಾತ್ರ ಹೊರಗೆ ಬಂತು. ಚಳಿಗಾಲಕ್ಕೆ ಬೋರ್ಟನ್ ಪಕ್ಕದ ಗ್ರೇಸ್ಟೋನ್ಸ್ ಫಾರ್ಮ್ ಪರವಾಗಿಲ್ಲ, ವನ್ಯಜೀವಿ ಟ್ರಸ್ಟಿನ ಜಾಗ, ಕಬ್ಬಿಣಯುಗದ ಸಾಮನ್ಸ್‌ಬರಿ ಕೋಟೆಯ ಮಣ್ಣುದಿಬ್ಬ ಅಲ್ಲೇ ಇದೆ. ಜೂನಲ್ಲಿ ಅದರ ಹುಲ್ಲುಗಾವಲಲ್ಲಿ ಕಾಡು ಆರ್ಕಿಡ್ ಅರಳಿರುತ್ತೆ.

ಅಮ್ಮಂದಿರದ್ದೇ ಒಂದು ಪ್ರಯೋಗ ನಡೆದಿದೆ. ಏಪ್ರಿಲ್ ಮೇನಲ್ಲಿ ನೆರಳಿರುವ ಕಡೆ ಕಾಡು ಬೆಳ್ಳುಳ್ಳಿ ಎಲೆ ಹಾಸಿಕೊಂಡಿರುತ್ತೆ. ಒಂದು ಹಿಡಿ ತಂದು ಹಸಿಮೆಣಸು, ಕಾಯಿ, ಹುಣಸೆ ಜೊತೆ ರುಬ್ಬಿದರು. ದೋಸೆಗೆ ಸೂಪರ್. ಒಂದೊಂದೇ ಎಲೆ ಹಿಸುಕಿ ಮೂಸಿ ನೋಡಿ ಕೀಳಬೇಕು, ಅದರ ಮಧ್ಯೆಯೇ ಬೆಳೆಯುವ ಬೇರೆ ವಿಷದ ಎಲೆಗಳಿವೆ. ಬೇರು ಸಮೇತ ಕೀಳಬಾರದು, ಅದು ಇಲ್ಲಿ ಕಾನೂನು. ಆಗಸ್ಟ್ ಕೊನೆಗೆ ಬೇಲಿ ತುಂಬ ಬ್ಲ್ಯಾಕ್‌ಬೆರಿ. ಅದರ ಗೊಜ್ಜು ಮಾಡಿದರು, ಬೀಜ ಜಾಸ್ತಿ, ಯಾರೂ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಮುಂದಿನದು ಮೋರ್ಟನ್ನಿಂದಲೇ ಬ್ಯಾಟ್ಸ್‌ಫರ್ಡ್ ಮರಗಳ ತೋಟಕ್ಕೆ ಹೊಲದ ಮೇಲೆ ನಡೆಯೋದು, ಎರಡೂವರೆ ಕಿಲೋಮೀಟರ್ ಇರಬಹುದು, ಬಸ್ಸಿನ ರಗಳೆ ಇಲ್ಲ. ಅಲ್ಲಿ ಜಪಾನಿನ ಚೆರ್ರಿ ಮರಗಳಿವೆ, ಏಪ್ರಿಲ್‌ಗೆ ಪ್ಲಾನು. ಮಂಗಳವಾರ ಮೋರ್ಟನ್ನಲ್ಲಿ ಸಂತೆ, ಹಾಗಾಗಿ ವಾರದ ನಡುವೆ ರಜೆ ಹಾಕೋ ಯೋಚನೆ. ನಾನೊಬ್ಬನೇ ಹೋಗಿ ಗೇಟುಗಳನ್ನು ನೋಡಿಕೊಂಡು ಬಂದಮೇಲೆ ದಿನ ಹೇಳುತ್ತೇನೆ.