ನಾಟಕದ ಹಂಗಾಮು: ಊರೂರು ತಿರುಗಿ ನಾಟಕ ನೋಡುವ ನನ್ನ ಕ್ರಮ

ಒಳ್ಳೆ ನಾಟಕ ನೋಡಬೇಕು ಅಂದರೆ ಬೆಂಗಳೂರಿಗೇ ಹೋಗಬೇಕು ಅಂತ ನಮ್ಮ ಶಿವಮೊಗ್ಗದಲ್ಲೂ ತುಂಬ ಜನ ಅಂದುಕೊಂಡಿದ್ದಾರೆ. ನನ್ನ ಅನುಭವ ಬೇರೆ. ವರ್ಷದಲ್ಲಿ ನಾನು ನೋಡುವ ನಾಟಕಗಳಲ್ಲಿ ಜಾಸ್ತಿ ಭಾಗ ಇಲ್ಲೇ ಸುತ್ತಮುತ್ತ ಸಿಗುತ್ತವೆ. ನಮ್ಮ ಕಡೆಯ ನಾಟಕ ಒಂದೇ ಊರಲ್ಲಿ ಕೂತಿರುವುದಿಲ್ಲ, ತಿರುಗುತ್ತದೆ. ಅಡಿಕೆಗೆ, ಭತ್ತಕ್ಕೆ ಇದ್ದ ಹಾಗೆ ಅದಕ್ಕೂ ಒಂದು ಹಂಗಾಮು ಇದೆ. ಅದು ಗೊತ್ತಾದರೆ ಯಾವ ತಿಂಗಳು ಎಲ್ಲಿರಬೇಕು ಅನ್ನುವುದೂ ಗೊತ್ತಾಗುತ್ತದೆ.

ನನ್ನ ಲೆಕ್ಕ ಶುರುವಾಗುವುದು ಅಕ್ಟೋಬರಿನಲ್ಲಿ, ಹೆಗ್ಗೋಡಿನಿಂದ. ಸಾಗರದಿಂದ ಎಂಟೊಂಬತ್ತು ಕಿಲೋಮೀಟರ್. ಬೆಂಗಳೂರು, ಮೈಸೂರಿನ ಕಡೆಯಿಂದ ಬರುವವರಿಗೆ ತಾಳಗುಪ್ಪದ ರೈಲು ಇದೆ, ಸಾಗರದಲ್ಲಿ ಇಳಿದರಾಯಿತು. ಅಲ್ಲಿನ ನಾಟಕ ಸಂಸ್ಥೆ ನೀನಾಸಂ 1949ರಲ್ಲಿ ಹುಟ್ಟಿದ್ದು. ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ‘ತಿರುಗಾಟ’ ಶುರುವಾಯಿತು. ಮಳೆಗಾಲದಲ್ಲಿ ತಾಲೀಮು ನಡೆಯುತ್ತದೆ. ಮಳೆ ಹಿಂದಾದ ಮೇಲೆ ಶಿವರಾಮ ಕಾರಂತ ರಂಗಮಂದಿರದಲ್ಲಿ ಮೊದಲ ಪ್ರಯೋಗಗಳು. ಆಮೇಲೆ ಪರಿಕರಗಳೆಲ್ಲ ಗಾಡಿ ಹತ್ತುತ್ತವೆ, ತಂಡ ಊರೂರಿಗೆ ಹೊರಡುತ್ತದೆ.

ಇಲ್ಲಿ ನಾನು ಬಿಡದೆ ಪಾಲಿಸುವ ಒಂದು ಕ್ರಮ ಇದೆ. ತಿರುಗಾಟದ ನಾಟಕವನ್ನು ಎರಡು ಸಲ ನೋಡುತ್ತೇನೆ. ಒಮ್ಮೆ ಹೆಗ್ಗೋಡಿನಲ್ಲಿ, ಇನ್ನೊಮ್ಮೆ ಯಾವುದಾದರೂ ಸಣ್ಣ ಊರಿನ ಶಾಲೆಯ ಮೈದಾನದಲ್ಲೋ ಸಮುದಾಯ ಭವನದಲ್ಲೋ. ಎರಡನೇ ಸಲ ಸಂಜೆ ಆರೂವರೆಗೆ ಹೋಗುವುದಿಲ್ಲ, ಮಧ್ಯಾಹ್ನವೇ ಹೋಗಿಬಿಡುತ್ತೇನೆ. ಕೇಳಿಕೊಂಡರೆ ಹಿಂದಿನ ಕುರ್ಚಿಯಲ್ಲಿ ಸುಮ್ನೆ ಕೂರಲು ಬಿಡುತ್ತಾರೆ.

ಆ ಹೊತ್ತಿನಲ್ಲಿ ಕಾಣುವುದನ್ನು ನಾಟಕ ಪ್ರೀತಿಸುವವರೆಲ್ಲ ಒಮ್ಮೆ ನೋಡಬೇಕು. ರಾತ್ರಿ ರಾಜನಾಗುವವನು ಏಣಿ ಹತ್ತಿ ಲೈಟು ಕಟ್ಟುತ್ತಿರುತ್ತಾನೆ. ರಾಣಿಯಾಗುವವಳು ನೆಲಹಾಸಿನ ಅಂಚು ಬಿಗಿಯುತ್ತಿರುತ್ತಾಳೆ. ಒಬ್ಬ ನಟ ರಂಗದ ಬದಿಯಿಂದ ನಡುವಿಗೆ ಹೆಜ್ಜೆ ಎಣಿಸುತ್ತಾ ಬರುತ್ತಾನೆ. ಹೆಗ್ಗೋಡಿನಲ್ಲಿ ಆರು ಹೆಜ್ಜೆಯಾಗಿದ್ದದ್ದು ಇಲ್ಲಿ ನಾಲ್ಕಕ್ಕೇ ಮುಗಿದಿರುತ್ತದೆ. ಅಂದರೆ ಆ ಮಾತು ಮುಗಿಯುವ ಮೊದಲೇ ಅವನು ಎದುರಿನವಳ ಮುಂದೆ ಬಂದು ನಿಂತಿರುತ್ತಾನೆ. ಈಗ ಏನು ಮಾಡಬೇಕು? ಒಂದು ಸುತ್ತು ಜಾಸ್ತಿ ನಡೆಯುವುದಾ, ಮಾತಿನ ನಡುವೆ ನಿಲ್ಲುವುದಾ? ಅಲ್ಲೇ ನಿಂತು ಎರಡೂ ಮಾಡಿ ನೋಡುತ್ತಾರೆ. ಮತ್ತೊಬ್ಬಳು ಮೂಲೆಯಲ್ಲಿ ನಿಂತು ಒಂದು ಸಾಲು ಹೇಳಿ, ಗೋಡೆಯಿಂದ ದನಿ ಹೇಗೆ ತಿರುಗಿ ಬರುತ್ತದೆ ಅಂತ ಕೇಳಿಸಿಕೊಳ್ಳುತ್ತಾಳೆ. ತಗಡಿನ ಸೂರಿದ್ದರೆ ಮಾತು ನಿಧಾನ ಮಾಡಲೇಬೇಕು. ರಾತ್ರಿ ನಾಟಕ ನೋಡುವಾಗ ಆ ಜಾಗ ಬಂದ ಕೂಡಲೇ ನನಗೆ ಮೈ ಜುಂ ಅನ್ನುತ್ತದೆ. ಹೆಗ್ಗೋಡಿನಲ್ಲಿ ಸರಸರ ಹೋಗಿದ್ದ ದೃಶ್ಯ ಇಲ್ಲಿ ತಡೆದು ನಿಂತು ಇನ್ನೊಂದೇ ಅರ್ಥ ಕೊಟ್ಟಿರುತ್ತದೆ.

ನವೆಂಬರಿನಲ್ಲಿ ಸಾಣೇಹಳ್ಳಿ. ಚಿತ್ರದುರ್ಗ ಜಿಲ್ಲೆ, ಹೊಸದುರ್ಗ ತಾಲೂಕು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರು 1987ರಲ್ಲಿ ಶಿವಕುಮಾರ ಕಲಾಸಂಘ ಕಟ್ಟಿದರು, 1997ರಲ್ಲಿ ಶಿವಸಂಚಾರ ಅನ್ನುವ ತಿರುಗುವ ನಾಟಕ ತಂಡ ಶುರು ಮಾಡಿದರು. ಒಂದು ಮಠ ಇಷ್ಟು ವರ್ಷ ನಾಟಕವನ್ನು ತನ್ನ ಕೆಲಸ ಅಂತಲೇ ನಡೆಸಿಕೊಂಡು ಬಂದಿರುವುದು ನನಗೆ ಬಹಳ ದೊಡ್ಡದು ಅನ್ನಿಸುತ್ತದೆ. ಮೆಟ್ಟಿಲು ಮೆಟ್ಟಿಲಾದ ಬಯಲು ರಂಗಮಂದಿರ. ಅಲ್ಲಿನ ನಾಟಕೋತ್ಸವದ ದಿನಗಳಲ್ಲಿ ಸುತ್ತಲ ಹಳ್ಳಿಯವರು ಮನೆಮಂದಿ ಸಮೇತ ಬಂದು ಕೂರುತ್ತಾರೆ. ಹೋಗುವವರಿಗೆ ಎರಡು ಮಾತು. ರಾತ್ರಿ ಚಳಿ ಇರುತ್ತದೆ, ಕೂರುವ ಕಲ್ಲು ಅದಕ್ಕಿಂತ ತಣ್ಣಗಿರುತ್ತದೆ, ಒಂದು ಜಮಖಾನ ಒಂದು ಶಾಲು ಇರಲಿ. ನಾಟಕಕ್ಕೆ ಮೊದಲು ವಚನಗೀತೆ, ಉಪನ್ಯಾಸ ಇರುತ್ತವೆ. ಹಿಂತಿರುಗುವ ಬಸ್ಸನ್ನು ಆ ಲೆಕ್ಕದಲ್ಲಿ ನೋಡಿಕೊಳ್ಳಿ. ನಾನಂತೂ ಉಳಿದುಕೊಂಡೇ ಬರುತ್ತೇನೆ.

ಜನವರಿಗೆ ದಾರಿ ಉತ್ತರಕ್ಕೆ. ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿ. ಬನದ ಹುಣ್ಣಿಮೆಗೆ ತೇರು, ಅಲ್ಲಿಂದ ಹೆಚ್ಚುಕಡಿಮೆ ಒಂದು ತಿಂಗಳು ಜಾತ್ರೆ. ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಟೆಂಟು ಹಾಕಿರುತ್ತವೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟ. ಒಂದು ಟೆಂಟಿನಿಂದ ಎದ್ದು ಇನ್ನೊಂದಕ್ಕೆ ಹೋಗಿ ಕೂರಬಹುದು. ಇಂಥ ಜಾಗ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಗೋಡೆ ಮೇಲಿನ ನಾಟಕದ ಹೆಸರು ನೋಡಿ ಎಷ್ಟೋ ಜನ ಮುಖ ತಿರುಗಿಸುತ್ತಾರೆ. ಎರಡರ್ಥದ ಹೆಸರುಗಳು ಹೌದು. ಕೆಲವು ನಾಟಕ ಒಳಗೂ ಹಾಗೇ ಇರುತ್ತವೆ, ಅವು ನನಗೆ ಹಿಡಿಸುವುದಿಲ್ಲ. ಆದರೆ ಎಷ್ಟೋ ಸಲ ಒಳಗೆ ಇರುವುದು ಅಣ್ಣತಮ್ಮಂದಿರ ಹೊಲದ ಜಗಳ, ಮನೆ ಬಿಟ್ಟು ಹೋದ ಮಗ, ಸೊಸೆಯ ಕಣ್ಣೀರು. ಪಕ್ಕದಲ್ಲಿ ಕೂತ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ, ಮರುಕ್ಷಣ ಹಾಸ್ಯ ಪಾತ್ರ ಬಂದರೆ ಬಿದ್ದು ಬಿದ್ದು ನಗುತ್ತಾರೆ. ಎರಡನ್ನೂ ಒಂದೇ ದೃಶ್ಯದಲ್ಲಿ ಮಾಡಿಸುವ ಶಕ್ತಿ ಈ ನಟರದು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಕಟ್ಟಿದ ಕಾಲದಿಂದ ಬಂದ ಕಸುಬು ಅದು.

ಟಿಕೆಟ್ ತೆಗೆಸುವಾಗ ನಾನು ಕೇಳುವುದು ಹಾರ್ಮೋನಿಯಂ ಕಡೆಯ ಕುರ್ಚಿ. ಒಮ್ಮೆ ಓಡುತ್ತಾ ಹೋದೆ. ಬಾಗಿಲಲ್ಲಿದ್ದವರು, “ಗಡಿಬಿಡಿ ಮಾಡಬ್ಯಾಡ್ರಿ ಸರ, ಪಡದೆ ಇನ್ನೂ ಎದ್ದಿಲ್ಲ, ಬರ್ರಿ” ಅಂತ ಹಾರ್ಮೋನಿಯಂ ಮಾಸ್ತರರ ಹತ್ತಿರವೇ ಕೂರಿಸಿದರು. ಅಲ್ಲಿಂದ ಇಡೀ ಆಟದ ಕೀಲಿ ಕಾಣುತ್ತದೆ. ಮಾಸ್ತರರ ಬೆರಳು ಹಾರ್ಮೋನಿಯಂ ಮನೆಗಳ ಮೇಲೆ, ಕಣ್ಣು ಮಾತ್ರ ನಟಿಯ ಮುಖದ ಮೇಲೆ. ಅವಳು ಮಾತಿನ ಕೊನೆಗೆ ಉಸಿರು ಎಳೆದುಕೊಂಡ ಗಳಿಗೆಗೇ ಸುರ್ ಸಿಕ್ಕಿರುತ್ತದೆ. ಮಾತು ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ಅಂತ ಹಿಂದಿನ ಸಾಲಿನವರಿಗೆ ಗೊತ್ತೇ ಆಗುವುದಿಲ್ಲ. ಹಾಸ್ಯದವರು ಆ ದಿನದ ಸುದ್ದಿ, ಅಕ್ಕಪಕ್ಕದ ಊರಿನ ಹೆಸರು ಎಲ್ಲ ಸೇರಿಸಿಕೊಂಡು ಮಾತು ಬೆಳೆಸುತ್ತಾರೆ. ಎಷ್ಟು ಬೆಳೆಸಬೇಕು ಅನ್ನುವುದನ್ನು ತಬಲಾದ ಒಂದು ಪೆಟ್ಟು ತೀರ್ಮಾನಿಸುತ್ತದೆ. ಬನಶಂಕರಿ ದೂರವಾಗುವವರಿಗೆ ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಇದೆ, ಅಲ್ಲೂ ಕಂಪನಿಗಳು ಬರುತ್ತವೆ.

ಮೈಸೂರು, ಬೆಂಗಳೂರನ್ನು ಬಿಟ್ಟಿದ್ದೇನೆ ಅಂತಲ್ಲ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಮೈಸೂರಿನ ರಂಗಾಯಣದಲ್ಲಿ ಬಹುರೂಪಿ ನಾಟಕೋತ್ಸವ ನಡೆದಾಗ ಹೋಗುತ್ತೇನೆ. ಬೇರೆ ರಾಜ್ಯಗಳ ತಂಡಗಳನ್ನು ನೋಡಲು ಅದು ಒಳ್ಳೆ ಅವಕಾಶ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಿಂದ ರಂಗಶಂಕರ ಅನ್ನುವ ರಂಗಮಂದಿರ ಇದೆ. ಸೋಮವಾರ ರಜೆ, ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ. ಆ ನಿಯಮ ನನಗೆ ತುಂಬ ಇಷ್ಟ.

ತಿರುಗಾಟ, ಶಿವಸಂಚಾರ ಯಾವ ದಿನ ಯಾವ ಊರಲ್ಲಿ ಅನ್ನುವ ಪಟ್ಟಿಯನ್ನು ಆಯಾ ಸಂಸ್ಥೆಯವರನ್ನೇ ಕೇಳಿ ತರಿಸಿಕೊಳ್ಳುತ್ತೇನೆ. ಹೊರಡುವ ದಿನ ಆಯಾ ಊರಿನ ಸಂಘಟಕರಿಗೊಂದು ಫೋನು ಮಾಡಿ ಖಚಿತ ಮಾಡಿಕೊಳ್ಳುತ್ತೇನೆ. ಮಳೆ, ಚುನಾವಣೆ, ಊರಲ್ಲೊಂದು ಸಾವು, ಯಾವುದಕ್ಕಾದರೂ ಆಟ ಮುಂದೆ ಹೋಗಬಹುದು.

ಪಟ್ಟಿಯಲ್ಲಿ ನಿಮ್ಮ ಊರು ಇಲ್ಲದಿದ್ದರೆ ನೀವೇ ಕರೆಸಿ. ನಾವೊಂದಿಷ್ಟು ಸ್ನೇಹಿತರು ಸೇರಿ ಕರೆಸಿದ್ದೇವೆ, ಕಷ್ಟವೇನಿಲ್ಲ. ಒಬ್ಬರೇ ಹೊತ್ತುಕೊಳ್ಳಬಾರದು, ಅಷ್ಟೇ. ವೇದಿಕೆಯ ಉದ್ದ ಅಗಲ ಅಳೆದು ಮೊದಲೇ ತಿಳಿಸಬೇಕು. ಲೈಟಿಗೆ ಬೇಕಾದ ಕರೆಂಟು ಆ ಕಟ್ಟಡದಲ್ಲಿದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಬೇಕು. ಹುಡುಗಿಯರಿಗೆ, ಹುಡುಗರಿಗೆ ಬೇರೆ ಬೇರೆ ಉಳಿಯುವ ಜಾಗ, ಬಾಗಿಲಿಗೆ ಚಿಲಕ ಇರುವ ಬಚ್ಚಲು, ಬಣ್ಣ ಹಚ್ಚಿಕೊಳ್ಳಲು ಕನ್ನಡಿ ಮತ್ತು ಬೆಳಕು ಇರುವ ಕೋಣೆ ಬೇಕು. ಊಟದ ಹೊತ್ತಿನ ಬಗ್ಗೆ ಅಡುಗೆಯವರಿಗೆ ಬಿಡಿಸಿ ಹೇಳಿ. ನಾವು ಕರೆಸಿದ ತಂಡದವರು ಆಟಕ್ಕೆ ಮೊದಲು ಬರೀ ಟೀ, ಅವಲಕ್ಕಿ ಸಾಕು ಅಂದರು. ಆಟ ಮುಗಿಸಿ, ಬಣ್ಣ ತೆಗೆದು, ಸಾಮಾನೆಲ್ಲ ಗಾಡಿಗೆ ಹೇರಿದ ಮೇಲೇ ಊಟಕ್ಕೆ ಕೂತರು. ಆಗ ರಾತ್ರಿ ಹನ್ನೊಂದು ದಾಟಿತ್ತು. ಅಷ್ಟು ಹೊತ್ತಿಗೂ ಅನ್ನ, ಸಾರು ಬಿಸಿ ಇರಬೇಕು.