ಮಕ್ಕಳ ಮೊಬೈಲಿಗಷ್ಟೇ ಅಲ್ಲ, ರೂಟರ್‌ಗೂ ಬೀಗ ಹಾಕಿ

ಮನೆಯ ವೈಫೈನಲ್ಲಿ ಅಶ್ಲೀಲ ಸೈಟ್‌ಗಳನ್ನು ತಡೆಯಲು ದುಡ್ಡು ಕೊಟ್ಟು ಆ್ಯಪ್ ಕೊಳ್ಳಬೇಕಿಲ್ಲ. ರೂಟರ್‌ನ ಸೆಟ್ಟಿಂಗ್ ಪುಟ ತೆರೆಯಿರಿ. ವಿಳಾಸ, ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್‌ನ ತಳದ ಚೀಟಿಯಲ್ಲೇ ಇರುತ್ತವೆ. ಡಿಎಚ್‌ಸಿಪಿ (ಮನೆಯ ಸಾಧನಗಳಿಗೆ ವಿಳಾಸ ಹಂಚುವ) ವಿಭಾಗದಲ್ಲಿ ಡಿಎನ್‌ಎಸ್ (ಸೈಟ್‌ನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಜಾಗಕ್ಕೆ 1.1.1.3 ಮತ್ತು 1.0.0.3 ಹಾಕಿ, ಸೇವ್ ಮಾಡಿ, ರೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಇದು ಕ್ಲೌಡ್‌ಫ್ಲೇರ್ ಕಂಪನಿಯ ಉಚಿತ ಡಿಎನ್‌ಎಸ್ ಸೇವೆ, ಅಶ್ಲೀಲ ಸೈಟ್‌ಗಳ ವಿಳಾಸ ಕೊಡುವುದಿಲ್ಲ.

ಎರಡನೇ ಜಾಗದಲ್ಲಿ 8.8.8.8 (ಅಶ್ಲೀಲ ಸೈಟ್ ತಡೆಯದ ಗೂಗಲ್‌ನ ಡಿಎನ್‌ಎಸ್) ಬಿಡಲೇಬೇಡಿ, ಫೋನು ಅದನ್ನು ಕೇಳಿದರೆ ಸೈಟ್ ಸಲೀಸಾಗಿ ತೆರೆದುಕೊಳ್ಳುತ್ತದೆ. ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಬಗೆ) ಆನ್ ಇದ್ದರೆ ಅಲ್ಲಿನ ಡಿಎನ್‌ಎಸ್ ಕೂಡ ಬದಲಿಸಬೇಕು, ಎಡವುವುದು ಇಲ್ಲೇ. ಚೀಟಿಯ ಪಾಸ್‌ವರ್ಡನ್ನೂ ಬದಲಿಸಿ, ಮಕ್ಕಳಿಗೂ ಅದು ಓದಲು ಬರುತ್ತದೆ.

ಸಿಮ್‌ನ ಡೇಟಾಗೆ ಇದ್ಯಾವುದೂ ತಾಗದು. ಅದಕ್ಕೆ ಮಕ್ಕಳ ಫೋನಿನ ಮೇಲೆ ಹಿಡಿತ ಕೊಡುವ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್‌ನಲ್ಲಿ ಕ್ರೋಮ್‌ನ ಅಶ್ಲೀಲ ಸೈಟ್ ತಡೆ ಆನ್ ಮಾಡಿ, ಹೊಸ ಆ್ಯಪ್‌ಗಳಿಗೆ ನಿಮ್ಮ ಒಪ್ಪಿಗೆ ಕಡ್ಡಾಯ ಮಾಡಿ. ಇಂಥ ತಡೆಗಳನ್ನು ದಾಟಿಸುವ ವಿಪಿಎನ್ ನುಸುಳುವುದು ಹೊಸ ಆ್ಯಪ್‌ನ ದಾರಿಯಲ್ಲೇ.